ಕರಿಯನ ಊಟಕ್ಕೆ ಗ್ರಾಂ ಲೆಕ್ಕ: ಮಗ್ ಬಿಟ್ಟು ತಕ್ಕಡಿ ಹಿಡಿದ ಕೆಲಸದ ಲಾಗ್

ಗುರಿ ಇಷ್ಟೇ. ನಾಯಿಯ ಬಟ್ಟಲಿಗೆ ದಿನಕ್ಕೆ ಎಷ್ಟು ಬೀಳುತ್ತಿದೆ ಅಂತ ಗ್ರಾಂನಲ್ಲಿ ಗೊತ್ತಿರಬೇಕು, ಆ ಗ್ರಾಂ ಯಾವ ಲೆಕ್ಕದಿಂದ ಬಂತು ಅನ್ನೋದೂ ಗೊತ್ತಿರಬೇಕು, ಮನೆಯಲ್ಲಿ ಯಾರು ಊಟ ಹಾಕಿದರೂ ಅಷ್ಟೇ ಬೀಳಬೇಕು. ಯಾವ ಕಂಪನಿಯ ಆಹಾರ ಒಳ್ಳೆಯದು ಅಂತ ನಾಯಿ ಸಾಕುವವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅದು ಎರಡನೇ ಪ್ರಶ್ನೆ. ಎಂಥ ಒಳ್ಳೆ ಆಹಾರವಾದರೂ ಅಳತೆ ಮೀರಿ ಹಾಕಿದರೆ ನಾಯಿ ಊದಿಕೊಳ್ಳುತ್ತದೆ.

ಅಳತೆ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಹಳೆಯ ಅಧ್ಯಯನ ಇದೆ. 2002ರಲ್ಲಿ ಪ್ರಕಟವಾಯಿತು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಕೊಟ್ಟು, ಜೀವನಪೂರ್ತಿ ಗಮನಿಸಿದರು. ಆಹಾರ ಎರಡಕ್ಕೂ ಒಂದೇ. ಜಾಸ್ತಿ ತಿಂದ ಗುಂಪಿನ ಮಧ್ಯಕ ಆಯಸ್ಸು (ಅಂದರೆ ಗುಂಪಿನ ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 11.2 ವರ್ಷ, ಕಡಿಮೆ ತಿಂದವುಗಳದ್ದು 13 ವರ್ಷ. ಕೀಲುನೋವು, ಸಂಧಿವಾತ ಕೂಡ ತೆಳ್ಳಗಿದ್ದವುಗಳಿಗೆ ತಡವಾಗಿ ಬಂತು.

ಕೆಲಸಕ್ಕೆ ಸಿಕ್ಕವನು ಕರಿಯ. ಮಿಶ್ರ ತಳಿ, ಐದು ವರ್ಷದ ಗಂಡು, ಸಂತಾನಹರಣ ಆಪರೇಷನ್ ಆಗಿದೆ. ದೊಡ್ಡವನಾದ ಮೇಲೆ ನಮ್ಮ ಮನೆಗೆ ಬಂದವನು, ಬರುವಾಗಲೇ ದುಂಡಗಿದ್ದ. ಅವನ ಜೊತೆ ಅರ್ಧ ಚೀಲ ಒಣ ಆಹಾರ, ಒಂದು ಪ್ಲಾಸ್ಟಿಕ್ ಮಗ್, ಮತ್ತೆ "ದಿನಕ್ಕೆ ಎರಡು ಮಗ್ ಹಾಕಿ ಸಾಕು" ಅನ್ನೋ ಮಾತು ಬಂತು.

ಮೊದಲು ಆ ಮಗ್ ಅನ್ನೇ ತೂಗಿದೆ. ಅಂಚಿಗೆ ಸಮ ಮಾಡಿ ತುಂಬಿದರೆ 112 ಗ್ರಾಂ ಹಿಡಿಯುತ್ತದೆ. ಗೋಪುರ ಬರುವಂತೆ ತುಂಬಿದರೆ 138. ಎರಡು ಮಗ್‌ಗೆ ವ್ಯತ್ಯಾಸ 52 ಗ್ರಾಂ, ಆ ಆಹಾರದಲ್ಲಿ ಸುಮಾರು 185 ಕಿಲೋಕ್ಯಾಲರಿ. ಕರಿಯನ ಅಳತೆಯ ನಾಯಿಗೆ ಇದು ಸಣ್ಣ ವಿಷಯವಲ್ಲ, ಯಾಕೆ ಅಂತ ಕೆಳಗಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಕೈ ಒಬ್ಬರದ್ದು ಧಾರಾಳ, ಇನ್ನೊಬ್ಬರದ್ದು ಬಿಗಿ. ಮಗ್ ಮಾತ್ರ ಒಂದೇ.

ಇನ್ನೊಂದು ಕೆಲಸ ಊಟ ಕಡಿಮೆ ಮಾಡುವ ಮೊದಲೇ ಆಗಬೇಕು: ಪಶುವೈದ್ಯರ ಹತ್ತಿರ ತೋರಿಸುವುದು. ಥೈರಾಯ್ಡ್ ಕಡಿಮೆ ಇದ್ದರೆ ನಾಯಿ ಊಟ ಹೆಚ್ಚು ಮಾಡದೆಯೇ ದಪ್ಪ ಆಗಬಹುದು. ಕುಶಿಂಗ್ಸ್ ಅನ್ನೋ ಹಾರ್ಮೋನ್ ಕಾಯಿಲೆಯಲ್ಲಿ ಹೊಟ್ಟೆ ಜೋತು ಬಿದ್ದು, ನೋಡುವವರಿಗೆ ಬೊಜ್ಜು ಅನ್ನಿಸುತ್ತದೆ. ಕರಿಯನ ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅವನ ಸಮಸ್ಯೆ ಬರೀ ಊಟದ್ದೇ ಅಂತ ಖಾತ್ರಿ ಆದ ಮೇಲೆ ಸಾಮಾನು ಹೊರಗೆ ತೆಗೆದೆ.

ತೂಕದ ಹಲಗೆ

ವಾರವಾರ ನಾಯಿಯನ್ನು ಕ್ಲಿನಿಕ್‌ಗೆ ತೂಕಕ್ಕೆ ಕರೆದುಕೊಂಡು ಹೋಗೋದು ಆಗದ ಮಾತು. ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಡಿಜಿಟಲ್ ಯಂತ್ರ ಇತ್ತು. ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಮ್ಮ ತೂಕ ಕಳೆಯೋದು ಎಲ್ಲರೂ ಹೇಳುವ ಉಪಾಯ. ಮಾಡಬಹುದು, ಆದರೆ ಅವನು ಒದ್ದಾಡುತ್ತಾನೆ, ಅಂಕಿ ಕುಣಿಯುತ್ತದೆ. ನಾವು ಹುಡುಕುತ್ತಿರೋದು ವಾರಕ್ಕೆ ಇನ್ನೂರು ಗ್ರಾಂ ಬದಲಾವಣೆ. ಅಷ್ಟು ಸಣ್ಣ ವ್ಯತ್ಯಾಸ ಆ ಕುಣಿತದಲ್ಲೇ ಮುಚ್ಚಿಹೋಗುತ್ತದೆ.

ಹಾಗಾಗಿ ಯಂತ್ರದ ಮೇಲೆ ಕೂರುವ ಹಲಗೆ ಮಾಡಿದೆ. 12 ಮಿಲಿಮೀಟರ್ ಪ್ಲೈವುಡ್, 60 ಸೆಂಟಿಮೀಟರ್ ಉದ್ದ, 45 ಅಗಲ. ಕೆಳಗಡೆ ಯಂತ್ರದ ನಾಲ್ಕೂ ಅಂಚಿಗೆ ತಾಗುವಂತೆ ಸಣ್ಣ ರೀಪರ್ ಪಟ್ಟಿ ಹೊಡೆದೆ, ಹಲಗೆ ಜಾರಬಾರದು ಅಂತ. ಪಟ್ಟಿಯ ಎತ್ತರ ಯಂತ್ರದ ಎತ್ತರಕ್ಕಿಂತ ಕಡಿಮೆ ಇರಬೇಕು. ಪಟ್ಟಿ ನೆಲಕ್ಕೆ ತಾಗಿದರೆ ಭಾರ ನೆಲಕ್ಕೆ ಹೋಗುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. ಅಂಕಿ ಕಾಣುವ ಜಾಗದಲ್ಲಿ ಹಲಗೆಯಿಂದ ಒಂದು ಆಯತ ಕತ್ತರಿಸಿ ತೆಗೆದೆ. ಮೇಲೆ ಹಳೆಯ ಯೋಗ ಮ್ಯಾಟ್ ಅಂಟಿಸಿದೆ. ಇದು ಅಲಂಕಾರಕ್ಕಲ್ಲ. ನುಣ್ಣಗಿನ ಮರದ ಮೇಲೆ ನಾಯಿ ಕಾಲು ಊರೋದಿಲ್ಲ, ಜಾರುವ ಭಯಕ್ಕೆ ಒಂದು ಕಾಲು ಹೊರಗೆ ಇಟ್ಟೇ ನಿಲ್ಲುತ್ತದೆ.

ಈ ಯಂತ್ರಗಳ ಎರಡು ಚಾಳಿ ಗೊತ್ತಿರಲಿ. ಒಂದು, ಹಲಗೆ ಇಟ್ಟ ಮೇಲೆ ಆನ್ ಮಾಡಿದರೆ ಕೆಲವು ಯಂತ್ರ ಅದನ್ನೇ ಸೊನ್ನೆ ಅಂತ ತೆಗೆದುಕೊಳ್ಳುತ್ತವೆ, ಕೆಲವು ಎರರ್ ಕೊಡುತ್ತವೆ. ನಿಮ್ಮದು ಎರಡನೇ ಜಾತಿಯದಾದರೆ ಹಲಗೆಯ ತೂಕ ಬೇರೆ ಬರೆದಿಟ್ಟುಕೊಂಡು ಕಳೆಯಿರಿ. ಎರಡು, ಕೆಲವು ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಹತ್ತಿರ ಇದ್ದರೆ ಹಳೆಯದನ್ನೇ ಮತ್ತೆ ತೋರಿಸುತ್ತವೆ. "ವಾವ್, ಎಷ್ಟು ಸಲ ಇಟ್ಟರೂ ಒಂದೇ ಅಂಕಿ" ಅಂತ ಖುಷಿಪಡುತ್ತೀರಿ, ಅದು ಸುಮ್ನೆ ಹಳೆಯ ಅಂಕಿ. ಇದಕ್ಕೆ ಮದ್ದು ಸುಲಭ. ಎರಡು ತೂಕದ ನಡುವೆ ತೀರಾ ಬೇರೆ ಭಾರ ಇಟ್ಟು ತೆಗೆಯಿರಿ, ನೀವೇ ನಿಂತರೂ ಆಯಿತು. ಆಮೇಲೆ ಮತ್ತೆ ನಾಯಿ.

ತೂಕ ವಾರಕ್ಕೊಮ್ಮೆ, ಬೆಳಗ್ಗೆ, ಊಟಕ್ಕೆ ಮೊದಲು, ಹೊರಗೆ ಹೋಗಿ ಹಗುರಾಗಿ ಬಂದ ಮೇಲೆ. ಮೊದಲ ಅಂಕಿ: 17.4 ಕೆಜಿ.

ಎಷ್ಟಿರಬೇಕಿತ್ತು

17.4 ಜಾಸ್ತಿಯೋ ಕಡಿಮೆಯೋ ಅಂತ ಯಂತ್ರ ಹೇಳೋದಿಲ್ಲ. ಶುದ್ಧ ತಳಿಯಾದರೆ ಪಟ್ಟಿ ಸಿಗುತ್ತದೆ, ಅದೂ ಅಂದಾಜೇ. ಮಿಶ್ರ ತಳಿಗೆ ಮೈ ಮುಟ್ಟಿ ನೋಡೋದೇ ದಾರಿ. ಪಶುವೈದ್ಯರು ಬಳಸುವ ಬಾಡಿ ಕಂಡಿಷನ್ ಸ್ಕೋರ್ 1ರಿಂದ 9ರವರೆಗೆ ಇರುತ್ತದೆ. 4–5 ಸರಿಯಾದ ಮೈ. 1 ಅಂದರೆ ಎಲುಬಿನ ಗೂಡು, 9 ಅಂದರೆ ಸೊಂಟವೇ ಇಲ್ಲ.

ನೋಡುವ ಜಾಗ ಮೂರು. ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆ ಮೇಲಕ್ಕೆ ಏರಿರಬೇಕು. ಪಕ್ಕೆಲುಬು ಕೈಗೆ ಸಿಗಬೇಕು. ಕೈಗೆ ಹೇಗೆ ಸಿಗಬೇಕು ಅನ್ನೋದಕ್ಕೆ ನಿಮ್ಮ ಕೈಯೇ ಅಳತೆಗೋಲು: ಕೈ ಚಾಚಿ, ಬೆರಳಿನ ಬುಡದ ಗೆಣ್ಣುಗಳನ್ನು ಮೇಲಿನಿಂದ ಸವರಿ ನೋಡಿ. ಪಕ್ಕೆಲುಬು ಹಾಗೆ ಸಿಕ್ಕರೆ ಸರಿ. ಮುಷ್ಟಿ ಕಟ್ಟಿದಾಗ ಗೆಣ್ಣು ಸಿಗುವಷ್ಟು ಚೂಪಾಗಿ ಸಿಕ್ಕರೆ ಬಡಕಲು. ಅಂಗೈ ಕಡೆಯಿಂದ ಒತ್ತಿ ಹುಡುಕುವ ಹಾಗಿದ್ದರೆ ದಪ್ಪ. ಕೂದಲು ಜಾಸ್ತಿ ಇರುವ ನಾಯಿಯಲ್ಲಿ ಕಣ್ಣನ್ನು ನಂಬಲೇಬೇಡಿ.

ಕರಿಯನಿಗೆ ವೈದ್ಯರು ಕೊಟ್ಟ ಅಂಕ 7. 5ರ ಮೇಲೆ ಒಂದೊಂದು ಅಂಕಕ್ಕೆ ಸುಮಾರು ಶೇ. 10 ಹೆಚ್ಚುವರಿ ತೂಕ ಅಂತ ಲೆಕ್ಕ. ಅಂದರೆ ಶೇ. 20 ಜಾಸ್ತಿ. 17.4 ಭಾಗಿಸು 1.2, ಬಂದಿದ್ದು 14.5 ಕೆಜಿ. ಇದೇ ಗುರಿ.

ಈಗ ಕ್ಯಾಲರಿ. ನಾಯಿ ಸುಮ್ನೆ ಮಲಗಿದ್ದರೂ ಬೇಕಾಗುವ ಶಕ್ತಿಗೆ ಒಂದು ಸೂತ್ರ ಇದೆ: ಕೆಜಿ ತೂಕದ 0.75 ಘಾತ, ಅದನ್ನು 70ರಿಂದ ಗುಣಿಸು. ಘಾತ ಅಂದ ತಕ್ಷಣ ಪುಟ ತಿರುಗಿಸಬೇಡಿ, ಸಾದಾ ಕ್ಯಾಲ್ಕುಲೇಟರ್‌ನಲ್ಲೇ ಆಗುತ್ತದೆ. ತೂಕವನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಗುಣಿಸಿ, ಆಮೇಲೆ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ.

14.5 × 14.5 × 14.5 = 3,048.6
ವರ್ಗಮೂಲ = 55.2
ಮತ್ತೆ ವರ್ಗಮೂಲ = 7.43
7.43 × 70 = 520 ಕಿಲೋಕ್ಯಾಲರಿ

ತೂಕ ಇಳಿಸಬೇಕಾದ ನಾಯಿಗೆ ಗುರಿ ತೂಕದ ಈ ಅಂಕಿಯಿಂದಲೇ ಶುರು ಮಾಡುತ್ತಾರೆ, ಅಂದರೆ 1ರಿಂದ ಗುಣಾಕಾರ. ಆಪರೇಷನ್ ಆದ, ಸಾಮಾನ್ಯವಾಗಿ ಓಡಾಡುವ ವಯಸ್ಕ ನಾಯಿಗೆ 1.6. ಆಪರೇಷನ್ ಆಗದಿದ್ದರೆ 1.8. ನಾಲ್ಕು ತಿಂಗಳೊಳಗಿನ ಮರಿಗೆ 3, ಆಮೇಲೆ ಬೆಳವಣಿಗೆ ಮುಗಿಯುವವರೆಗೆ 2. ಮರಿಗಳ ವಿಷಯ ಬೇರೆಯೇ ಕಥೆ, ಅವು ಬೆಳೆಯುತ್ತಿರುವುದರಿಂದ ಅಂಕಿ ವಾರವಾರ ಬದಲಾಗುತ್ತದೆ. ದೊಡ್ಡ ತಳಿಯ ಮರಿಗೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ಕೊಡಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಬೇಡಿ. ಹೆಚ್ಚಿನ ಕ್ಯಾಲ್ಸಿಯಂ ಅವುಗಳ ಮೂಳೆ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಇವೆಲ್ಲ ಸರಾಸರಿ ಅಂಕಿಗಳು. ಒಂದೇ ತೂಕದ ಎರಡು ನಾಯಿಗಳಿಗೆ ಬೇಕಾಗುವ ಕ್ಯಾಲರಿ ತುಂಬಾ ಬೇರೆ ಇರಬಹುದು, ಸೂತ್ರದಿಂದ ಅರ್ಧದಷ್ಟು ಆಚೀಚೆ ಆದರೂ ಆಶ್ಚರ್ಯವಿಲ್ಲ. ಅದಕ್ಕೇ ಹಲಗೆಗೆ ಅಷ್ಟು ಕಷ್ಟಪಟ್ಟಿದ್ದು. ಸೂತ್ರ ಶುರು ಎಲ್ಲಿ ಅಂತ ಹೇಳುತ್ತದೆ, ಉಳಿದದ್ದನ್ನು ತೂಕ ಹೇಳುತ್ತದೆ.

ಚೀಲ ಓದಿದ್ದು

ಕರಿಯನ ಜೊತೆ ಬಂದ ಚೀಲದ ಹಿಂದೆ ಹೀಗಿತ್ತು: ಪ್ರೋಟೀನ್ 26, ಕೊಬ್ಬು 14, ನಾರು 3.5, ತೇವ 10, ಬೂದಿ (ಅಂದರೆ ಖನಿಜಾಂಶ) 7. ಎಲ್ಲಾ ಶೇಕಡಾ. ಕ್ಯಾಲರಿ ಬರೆದಿರಲಿಲ್ಲ. ಚೀಲದ ಮೇಲೆ ಓಡುವ ನಾಯಿಯ ಚಿತ್ರಕ್ಕೆ ಜಾಗ ಇದೆ, ಕ್ಯಾಲರಿಗೆ ಇಲ್ಲ. ಪರವಾಗಿಲ್ಲ, ನಾವೇ ಲೆಕ್ಕ ಹಾಕಬಹುದು. ಈ ಐದನ್ನೂ ಕೂಡಿಸಿ 100ರಿಂದ ಕಳೆದರೆ ಉಳಿಯೋದು ಕಾರ್ಬೋಹೈಡ್ರೇಟ್, ಇಲ್ಲಿ 39.5. ಪ್ರೋಟೀನ್‌ಗೆ ಗ್ರಾಂಗೆ 3.5 ಕಿಲೋಕ್ಯಾಲರಿ, ಕಾರ್ಬೋಹೈಡ್ರೇಟ್‌ಗೂ 3.5, ಕೊಬ್ಬಿಗೆ 8.5. ಅಂದರೆ 91, 138, 119. ಒಟ್ಟು 100 ಗ್ರಾಂಗೆ 348. ತಯಾರಕರಿಗೆ ಇಮೇಲ್ ಹಾಕಿದಾಗ ಅವರು ಕೊಟ್ಟ ಉತ್ತರ ಕೆಜಿಗೆ 3,560. ನಮ್ಮ ಲೆಕ್ಕಕ್ಕೆ ಹತ್ತಿರವೇ. ಚೀಲದಲ್ಲಿ ಪ್ರೋಟೀನ್, ಕೊಬ್ಬು "ಕನಿಷ್ಠ" ಅಂತ ಬರೆದಿರುತ್ತಾರೆ, ನಿಜವಾಗಿ ಸ್ವಲ್ಪ ಜಾಸ್ತಿ ಇರೋದು ಸಹಜ. ಕೇಳಿದರೂ ಕ್ಯಾಲರಿ ಹೇಳದ ಕಂಪನಿಯ ಆಹಾರ ನಾನಂತೂ ತರೋದಿಲ್ಲ.

ಗೋಪುರ ತುಂಬಿದ ಎರಡು ಮಗ್ ಅಂದರೆ 276 ಗ್ರಾಂ, 983 ಕಿಲೋಕ್ಯಾಲರಿ. ಬೇಕಿರೋದು 520. ಅದರ ಮೇಲೆ ಟ್ರೀಟ್, ಅಂದರೆ ಊಟದ ನಡುವಿನ ತಿಂಡಿ, ಬೇರೆ.

ಹಾಗಾದರೆ ಇದೇ ಆಹಾರವನ್ನು ಅರ್ಧ ಮಾಡಿದರೆ ಆಯಿತಲ್ವಾ? ಇಲ್ಲೇ ಆಹಾರದ ಆಯ್ಕೆ ನಿಜವಾಗಿ ಕೆಲಸಕ್ಕೆ ಬರೋದು. ಆಹಾರ ಅರ್ಧ ಆದರೆ ಪ್ರೋಟೀನ್ ಅರ್ಧ, ವಿಟಮಿನ್ ಅರ್ಧ, ಖನಿಜ ಅರ್ಧ. ಸಾಮಾನ್ಯ ಆಹಾರವನ್ನು ಸಾಮಾನ್ಯ ಪ್ರಮಾಣದಲ್ಲಿ ತಿನ್ನುತ್ತವೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ತೂಕ ಇಳಿಯುವಾಗ ಹೋಗಬೇಕಾದ್ದು ಕೊಬ್ಬು, ಸ್ನಾಯು ಅಲ್ಲ, ಅದಕ್ಕೆ ಪ್ರೋಟೀನ್ ಇಳಿಯಬಾರದು. ಹಾಗಾಗಿ ತೂಕ ನಿಯಂತ್ರಣಕ್ಕೆಂದೇ ಮಾಡಿದ ಒಂದು ಆಹಾರ ಆರಿಸಿದೆ: ಪ್ರೋಟೀನ್ 30, ಕೊಬ್ಬು 9, ನಾರು 10, ಕೆಜಿಗೆ 3,100 ಕಿಲೋಕ್ಯಾಲರಿ. ಹಳೆಯದರಲ್ಲಿ ಪ್ರತಿ 1,000 ಕಿಲೋಕ್ಯಾಲರಿಗೆ 73 ಗ್ರಾಂ ಪ್ರೋಟೀನ್ ಸಿಗುತ್ತಿತ್ತು, ಇದರಲ್ಲಿ 97. ನಾರು ಜಾಸ್ತಿ ಇರೋದರಿಂದ ಅಷ್ಟೇ ಕ್ಯಾಲರಿಗೆ ಬಟ್ಟಲು ಹೆಚ್ಚು ತುಂಬುತ್ತದೆ.

ಎರಡು ಆಹಾರ ಹೋಲಿಸುವಾಗ ಹೀಗೆ ಕ್ಯಾಲರಿ ಮೇಲೆ ಹೋಲಿಸಿ, ಇಲ್ಲ ತೇವ ತೆಗೆದು ಹೋಲಿಸಿ. ಡಬ್ಬಿಯ ಹಸಿ ಆಹಾರದಲ್ಲಿ ಪ್ರೋಟೀನ್ 8 ಅಂತ ನೋಡಿ ಜನ ಮೂಗು ಮುರಿಯುತ್ತಾರೆ. ಅದರಲ್ಲಿ ತೇವ 78 ಇದ್ದರೆ ಒಣ ಭಾಗ ಇರೋದು ಬರೀ 22, ಅದರಲ್ಲಿ 8 ಅಂದರೆ ಶೇ. 36. ನಮ್ಮ ಹಳೆಯ ಚೀಲದ ಒಣ ಆಹಾರ ಅದೇ ಲೆಕ್ಕದಲ್ಲಿ ಶೇ. 29. ಪದಾರ್ಥಗಳ ಪಟ್ಟಿಯಲ್ಲೂ ಇದೇ ಆಟ. ಪಟ್ಟಿ ಹಾಕೋದು ನೀರು ಸೇರಿದ ತೂಕದ ಮೇಲೆ, ತಾಜಾ ಕೋಳಿಮಾಂಸದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಮೊದಲ ಹೆಸರು ಕೋಳಿ ಅಂದ ಮಾತ್ರಕ್ಕೆ ಚೀಲದ ತುಂಬಾ ಕೋಳಿ ಅಂತ ಅರ್ಥವಲ್ಲ.

ನಾನು ಮೊದಲು ಹುಡುಕೋದು ಇನ್ನೊಂದು ಸಾಲು: "ಸಂಪೂರ್ಣ ಮತ್ತು ಸಮತೋಲಿತ" ಅನ್ನೋ ಹೇಳಿಕೆ, ಅದೂ ಯಾವ ವಯಸ್ಸಿಗೆ ಅಂತ. ಸಾಕುಪ್ರಾಣಿ ಆಹಾರಕ್ಕೆ ಮಾನದಂಡ ಹಾಕುವ ಅಮೆರಿಕದ ಆಫ್ಕೋ (AAFCO), ಇಲ್ಲ ಯುರೋಪಿನ ಫೆಡಿಯಾಫ್ (FEDIAF) ಹೆಸರು ಅದರ ಜೊತೆ ಇರುತ್ತದೆ. ವಯಸ್ಕ ನಾಯಿಗೆ ಆಫ್ಕೋ ಹೇಳುವ ಕನಿಷ್ಠ ಪ್ರೋಟೀನ್ ಒಣ ಲೆಕ್ಕದಲ್ಲಿ ಶೇ. 18, ಬೆಳೆಯುವ ಮರಿಗೆ 22.5. "ಪೂರಕ ಆಹಾರ" ಅಂತ ಬರೆದಿದ್ದರೆ ಅದು ಊಟವಲ್ಲ, ಮೇಲೋಗರ. ಧಾನ್ಯರಹಿತ ಅಂತ ದೊಡ್ಡಕ್ಷರದಲ್ಲಿ ಬರೆದ ಚೀಲ ನಾನು ಬೇಡ ಅಂದೆ. 2018ರಲ್ಲಿ ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ–ಬೇಳೆ ಹೆಚ್ಚಿರುವ ಇಂಥ ಆಹಾರ ಮತ್ತು ಹೃದಯದ ಸ್ನಾಯು ಹಿಗ್ಗುವ ಕಾಯಿಲೆಯ ನಡುವೆ ಸಂಬಂಧ ಇದೆಯಾ ಅಂತ ತನಿಖೆ ಶುರು ಮಾಡಿತು. ಕಾರಣ ಇದೇ ಅಂತ ಸಾಬೀತಾಗಿಲ್ಲ. ಆದರೂ ಧಾನ್ಯದಿಂದ ಯಾವ ತೊಂದರೆಯೂ ಇಲ್ಲದ ನಾಯಿಗೆ ಅದನ್ನು ತಪ್ಪಿಸೋಕೆ ನನಗೆ ಕಾರಣ ಸಿಗಲಿಲ್ಲ. ನಾಯಿಗಳು ತೋಳಗಳಿಗಿಂತ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತವೆ, ಪಿಷ್ಟ ಒಡೆಯುವ ಜೀನ್‌ನ ಪ್ರತಿಗಳೇ ಅವುಗಳಲ್ಲಿ ಜಾಸ್ತಿ.

ಮನೆಯಲ್ಲೇ ಬೇಯಿಸಿ ಹಾಕೋದು? ಪಶು ಪೋಷಣೆಯ ತಜ್ಞರು ನಿಮ್ಮ ನಾಯಿಗೆಂದೇ ಬರೆದುಕೊಟ್ಟ ಪಟ್ಟಿ ಇದ್ದರೆ ಖಂಡಿತ ಮಾಡಿ. ಅಲ್ಲಿ ಇಲ್ಲಿ ಸಿಗುವ ರೆಸಿಪಿಗಳ ಬಗ್ಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2013ರಲ್ಲಿ 200 ರೆಸಿಪಿ ಪರೀಕ್ಷೆ ಮಾಡಿದ್ದರು. ಶೇ. 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಸಾಲದೆ ಇತ್ತು. ಆ ಕೊರತೆ ವಾರದಲ್ಲಿ ಕಾಣೋದಿಲ್ಲ, ತಿಂಗಳುಗಳು ಬೇಕು.

ಗ್ರಾಂಗೆ ಇಳಿಸಿದ್ದು

520ರಲ್ಲಿ ಶೇ. 10 ಟ್ರೀಟ್‌ಗೆ ಬಿಟ್ಟೆ, 52. ಉಳಿದ 468ನ್ನು 3.1ರಿಂದ ಭಾಗಿಸಿದರೆ 151 ಗ್ರಾಂ. 150 ಅಂತ ಇಟ್ಟುಕೊಂಡೆ, ಬೆಳಗ್ಗೆ 75, ಸಂಜೆ 75. ಅದೇ ಚೀಲದ ಮೇಲಿನ ಪಟ್ಟಿಯಲ್ಲಿ ಇವನ ತೂಕದ ನಾಯಿಗೆ ಇದಕ್ಕಿಂತ ಸಾಕಷ್ಟು ಜಾಸ್ತಿ ಇತ್ತು. ಚೀಲದ ಪಟ್ಟಿ ಎಲ್ಲಾ ತರದ ನಾಯಿಗಳಿಗೂ ಒಂದೇ ಸಲ ಬರೆದದ್ದು, ಓಡಾಡುವ ನಾಯಿಗೂ ಸೋಫಾ ಬಿಟ್ಟು ಇಳಿಯದ ನಾಯಿಗೂ.

ಅಡುಗೆಮನೆಯ ಡಿಜಿಟಲ್ ತಕ್ಕಡಿ 1 ಗ್ರಾಂವರೆಗೆ ತೋರಿಸಿದರೆ ಸಾಕು. ಬಟ್ಟಲು ಇಟ್ಟು ಸೊನ್ನೆ ಮಾಡಿ, 75 ಬರುವವರೆಗೆ ಸುರಿಯೋದು. ನನಗೆ ಇದು ಹಲ್ಲುಜ್ಜುವಷ್ಟೇ ಹೊತ್ತಿನ ಕೆಲಸ. ಮನೆಯ ಉಳಿದವರು ದಿನಾ ತಕ್ಕಡಿ ತೆಗೆಯೋದಿಲ್ಲ ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಲೋಟ ತೆಗೆದುಕೊಂಡು, 75 ಗ್ರಾಂ ತೂಗಿ ಹಾಕಿ, ಮೆಲ್ಲಗೆ ಕುಟ್ಟಿ ಮಟ್ಟ ಮಾಡಿ, ಹೊರಗೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಆಮೇಲೆ ಗೆರೆಯ ಮಟ್ಟಕ್ಕೇ ಲೋಟ ಕತ್ತರಿಸಿಬಿಟ್ಟೆ. ಅಂಚನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದೆ. ಗೆರೆ ಇದ್ದರೆ ಗೆರೆಯ ಮೇಲೆ ನಾಲ್ಕು ಕಾಳು ಬಿದ್ದೇ ಬೀಳುತ್ತವೆ, ಅಂಚೇ ಗೆರೆ ಆದರೆ ಮಿಕ್ಕಿದ್ದು ಉದುರುತ್ತದೆ. ಚಮಚದ ಹಿಡಿಯಿಂದ ಮಟ್ಟ ಮಾಡಬೇಕು ಅಂತ ಡಬ್ಬದ ಮುಚ್ಚಳದ ಮೇಲೆ ಬರೆದು ಅಂಟಿಸಿದೆ. ಹೊಸ ಚೀಲ ಒಡೆದಾಗಲೆಲ್ಲ ಲೋಟವನ್ನು ಮತ್ತೆ ತೂಗಿ ನೋಡುತ್ತೇನೆ. ಕಾಳಿನ ಆಕಾರ ಸ್ವಲ್ಪ ಬದಲಾದರೂ ಲೋಟ ಹಿಡಿಯುವ ತೂಕ ಬದಲಾಗುತ್ತದೆ.

ಆಹಾರವನ್ನು ಡಬ್ಬಕ್ಕೆ ಸುರಿಯಬೇಡಿ, ಚೀಲದ ಸಮೇತ ಡಬ್ಬದೊಳಗೆ ಇಡಿ. ಒಳಗಿನ ಕೊಬ್ಬು ಗಾಳಿ ತಾಗಿ ಕಮಟುತ್ತದೆ, ಡಬ್ಬದ ಗೋಡೆಗೆ ಹತ್ತಿದ ಹಳೆಯ ಎಣ್ಣೆ ಹೊಸ ಚೀಲವನ್ನೂ ಕೆಡಿಸುತ್ತದೆ. ಬ್ಯಾಚ್ ನಂಬರ್ ಕೂಡ ಚೀಲದ ಮೇಲೇ ಇರುತ್ತದೆ, ಏನಾದರೂ ತೊಂದರೆಯಾಗಿ ಆಹಾರ ವಾಪಸ್ ಕರೆದರೆ ಅದು ಬೇಕು.

ಬದಲಾವಣೆ, ಮತ್ತೆ ಪೈಪ್

ಹಳೆಯ ಆಹಾರದಿಂದ ಹೊಸದಕ್ಕೆ ಒಂದೇ ದಿನ ಹಾರಿದರೆ ಭೇದಿ ಗ್ಯಾರಂಟಿ ಅಂತ ಇಟ್ಟುಕೊಳ್ಳಿ. ಕಾಲುಭಾಗ ಹೊಸದು, ಎರಡು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಸಾಮಾನ್ಯವಾಗಿ ಒಂದು ವಾರ. ಅರ್ಧಕ್ಕೆ ಬಂದಾಗ ಕರಿಯನ ಕಕ್ಕ ಮೆತ್ತಗಾಯಿತು. ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ, ಗಟ್ಟಿ ಆಗುವವರೆಗೆ ಅರ್ಧದಲ್ಲೇ ನಿಂತೆ. ಎತ್ತಿದಾಗ ಆಕಾರ ಉಳಿಯಬೇಕು, ನೆಲದಲ್ಲಿ ಕಲೆ ಬಿಡಬಾರದು, ಅಷ್ಟೇ ಪರೀಕ್ಷೆ. ನಾರು ಜಾಸ್ತಿ ಇರುವ ಆಹಾರಕ್ಕೆ ಕಕ್ಕದ ಪ್ರಮಾಣ ಹೆಚ್ಚುತ್ತದೆ, ಗಾಬರಿ ಬೇಡ.

ಇನ್ನೊಂದು ತೊಂದರೆ: 75 ಗ್ರಾಂ ಅನ್ನೋದು ಕರಿಯನಿಗೆ ಉಸಿರು ಬಿಡುವಷ್ಟರಲ್ಲಿ ಮುಗಿಯುವ ಊಟ. ಆಮೇಲೆ ಬಟ್ಟಲು ನೆಕ್ಕುತ್ತಾ ನಮ್ಮ ಮುಖ ನೋಡುತ್ತಾನೆ. ಮನೆಯವರ ಮನಸ್ಸು ಕರಗೋದು ಆ ಹೊತ್ತಿನಲ್ಲೇ. ಊಟ ನಿಧಾನ ಆಗಬೇಕು.

75 ಮಿಲಿಮೀಟರ್ ಪಿವಿಸಿ ಪೈಪ್‌ನ ಒಂದು ತುಂಡು, ಮೊಳಕ್ಕಿಂತ ಸ್ವಲ್ಪ ಕಡಿಮೆ. ಎರಡೂ ತುದಿಗೆ ಮುಚ್ಚಳ. ಕಾಳು ಸುಮಾರು 12 ಮಿಲಿಮೀಟರ್ ಅಗಲ ಇತ್ತು, ತೂತು 20ರದ್ದು ಕೊರೆದೆ. ಒಂದೇ ಸಾಲಿನಲ್ಲಿ ಕೊರೆದರೆ ನಾಯಿ ಅರ್ಧ ಸುತ್ತು ತಿರುಗಿಸಿ ಎಲ್ಲಾ ಬೀಳಿಸಿಬಿಡುತ್ತದೆ, ಹಾಗಾಗಿ ಸುತ್ತಲೂ ಚದುರಿಸಿ ಕೊರೆಯಿರಿ. ತೂತಿನ ಅಂಚು ಒಳಗೂ ಹೊರಗೂ ಉಜ್ಜಿ ನುಣ್ಣಗೆ ಮಾಡಲೇಬೇಕು, ನಾಲಿಗೆ ಅಲ್ಲಿಗೇ ಹೋಗೋದು. ಮುಚ್ಚಳಕ್ಕೆ ಅಂಟು ಹಾಕಲಿಲ್ಲ. ಬಿಗಿಯಾಗಿ ಒತ್ತಿದರೆ ನಿಲ್ಲುತ್ತದೆ, ತೊಳೆಯೋಕೆ ಬಿಚ್ಚಬೇಕಲ್ವಾ. ಕರಿಯ ಮೂಗಿನಿಂದ ತಳ್ಳಿಕೊಂಡು ಮನೆಯೆಲ್ಲಾ ಸುತ್ತುತ್ತಾನೆ, ಒಂದೊಂದೇ ಕಾಳು ಬೀಳುತ್ತದೆ. ಸದ್ದು ಜೋರು. ತೂತು ಕೆಲವು ದೊಡ್ಡದಾದವು ಅನ್ನಿಸಿ ಎರಡಕ್ಕೆ ಒಳಗಿನಿಂದ ಅಡ್ಡ ಸ್ಕ್ರೂ ಹಾಕಿದ್ದೆ, ಆಮೇಲೆ ಬಾಯಿಗೆ ಬಿದ್ದರೆ ಕಷ್ಟ ಅಂತ ತೆಗೆದು, ಅದೇ ಅಳತೆಯ ಇನ್ನೊಂದು ತುಂಡಿಗೆ ಕಡಿಮೆ ತೂತು ಕೊರೆದೆ. ಕಚ್ಚಿ ಚೂರು ಮಾಡುವ ನಾಯಿಗೆ ಪೈಪ್ ಕೊಡಬೇಡಿ, ಅಂಥವಕ್ಕೆ ದಪ್ಪ ರಬ್ಬರಿನ ಆಟಿಕೆಗಳೇ ಸರಿ. ಅವಸರವಾಗಿ ನುಂಗೋದು, ದಿನಕ್ಕೆ ಒಂದೇ ದೊಡ್ಡ ಊಟ, ಆಳವಾದ ಎದೆ, ಈ ಮೂರೂ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚಿಸುತ್ತವೆ. ಆ ಜಾತಿಯ ದೊಡ್ಡ ನಾಯಿ ಇದ್ದರೆ ನಿಧಾನದ ಊಟ ತೂಕಕ್ಕಿಂತ ಹೆಚ್ಚಿನ ವಿಷಯ.

ತೂಕ ನಿಂತಿದ್ದು

ವಾರಕ್ಕೆ ಶೇ. 1ರಿಂದ 2 ಇಳಿದರೆ ಸರಿಯಾದ ವೇಗ. ಇವನಿಗೆ ಮೊದಮೊದಲು ವಾರಕ್ಕೆ 200 ಗ್ರಾಂ ಆಸುಪಾಸು ಇಳಿಯುತ್ತಿತ್ತು. 17.1, 16.9, 16.7, ಹೀಗೆ. ಶುರುವಿನಲ್ಲಿ ಒಂದು ವಾರ ಏನೂ ಇಳಿಯಲಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 15.7ಕ್ಕೆ ಬಂದು ಗಟ್ಟಿಯಾಗಿ ನಿಂತಿತು.

ಇಲ್ಲಿ ಎಲ್ಲರ ಕೈ ಊಟದ ಲೋಟಕ್ಕೆ ಹೋಗುತ್ತದೆ, ಇನ್ನೂ ಕಡಿಮೆ ಮಾಡೋಣ ಅಂತ. ಅದಕ್ಕೆ ಮೊದಲು ಸೋರಿಕೆ ಹುಡುಕಿದೆ. ಯಂತ್ರದ ನೆನಪಿನ ಚಾಳಿಯಾ? ಅಲ್ಲ, ನಡುವೆ ನಾನು ನಿಂತು ನೋಡಿದೆ. ಲೋಟ? 76 ಗ್ರಾಂ, ಸರಿ ಇದೆ. ಟ್ರೀಟ್? ಇಲ್ಲಿ ಸಿಕ್ಕಿತು. ದಿನಕ್ಕೊಂದು ಹಲ್ಲು ಶುಚಿ ಮಾಡುವ ಕಡ್ಡಿ ಅಪ್ಪ ಕೊಡುತ್ತಿದ್ದರು. "ಅದು ಔಷಧಿ ತರ ಅಲ್ವೇನೋ, ತಿಂಡಿ ಎಲ್ಲಿ ಆಯ್ತು" ಅಂದರು. ಪೊಟ್ಟಣದಲ್ಲಿ ಒಂದು ಕಡ್ಡಿಗೆ 76 ಕಿಲೋಕ್ಯಾಲರಿ ಅಂತ ಬರೆದಿತ್ತು. ಟ್ರೀಟ್‌ಗೆ ಇಟ್ಟಿದ್ದ 52ಕ್ಕಿಂತ ಅದೊಂದೇ ಜಾಸ್ತಿ. ಮಾತ್ರೆ ಬಚ್ಚಿಡುವ ಚೀಸ್ ಬೇರೆ, 20 ಗ್ರಾಂ ಚೀಸ್ ಅಂದರೆ 80ರ ಹತ್ತಿರ.

ಪರಿಹಾರ ಒಂದು ಸಣ್ಣ ಡಬ್ಬಿ. ಬೆಳಗ್ಗೆ ಆ ದಿನದ ಟ್ರೀಟ್ ಪಾಲು ಅದರೊಳಗೆ ಬೀಳುತ್ತದೆ. ಹೆಚ್ಚಾಗಿ ಅವನ ಆಹಾರದ ಕಾಳೇ, ಜೊತೆಗೆ ಕ್ಯಾರೆಟ್ ಚೂರು, 50 ಗ್ರಾಂಗೆ ಬರೀ 20 ಕಿಲೋಕ್ಯಾಲರಿ. ಯಾರು ಕೊಡೋದಿದ್ದರೂ ಅದರಿಂದಲೇ. ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಹಲ್ಲಿಗೆ ಬ್ರಷ್ ಬಂತು, ಅಪ್ಪನೇ ಉಜ್ಜುತ್ತಾರೆ. ಕರಿಯನಿಗೆ ಬೇಕಿದ್ದಿದ್ದು ಅಪ್ಪನ ಕೈಯಿಂದ ಏನಾದರೊಂದು ಸಿಗೋದು, ಕಡ್ಡಿ ಹೋಗಿ ಕಾಳು ಬಂದಿದ್ದಕ್ಕೆ ಅವನು ತಲೆಕೆಡಿಸಿಕೊಳ್ಳಲೇ ಇಲ್ಲ.

ಡಬ್ಬಿಗೆ ಯಾವತ್ತೂ ಬೀಳಬಾರದ ವಸ್ತುಗಳು: ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಮಕಾಡೇಮಿಯಾ ಬೀಜ, ಬೇಯಿಸಿದ ಮೂಳೆ. ಕಡಲೆಕಾಯಿ ಬೆಣ್ಣೆ ಕೊಡೋದಿದ್ದರೆ ಕ್ಸೈಲಿಟಾಲ್ ಇಲ್ಲ ಅಂತ ಡಬ್ಬ ಓದಿಯೇ ಕೊಡಿ. ಸಕ್ಕರೆಯ ಬದಲು ಹಾಕುವ ಆ ವಸ್ತು ನಾಯಿಯ ರಕ್ತದ ಸಕ್ಕರೆಯನ್ನು ಬೇಗ ಪಾತಾಳಕ್ಕೆ ಇಳಿಸುತ್ತದೆ, ಯಕೃತ್ತನ್ನೇ (ಲಿವರ್) ಹಾಳು ಮಾಡಬಹುದು.

ಲೋಟ ಮುಟ್ಟದೆಯೇ ತೂಕ ಮತ್ತೆ ಇಳಿಯೋಕೆ ಶುರುವಾಯಿತು.

ಈಗಿನ ಸ್ಥಿತಿ

14.6 ಕೆಜಿ. ಸ್ಕೋರ್ 5. ಸೊಂಟ ಕಾಣುತ್ತದೆ, ಪಕ್ಕೆಲುಬು ಕೈಗೆ ಸಿಗುತ್ತದೆ.

ಇಳಿಸಿದ ಮೇಲೆ ನಿಲ್ಲಿಸೋಕೆ ಎಷ್ಟು ಬೇಕು ಅನ್ನೋದು ಬೇರೆ ಲೆಕ್ಕ. ಪಟ್ಟಿಯ 1.6ರ ಪ್ರಕಾರ 832 ಕಿಲೋಕ್ಯಾಲರಿ. ತೂಕ ಇಳಿಸಿಕೊಂಡ ನಾಯಿಗೆ ಅಷ್ಟು ಬೇಕಾಗೋದು ಕಡಿಮೆ, ನೇರ ಅಲ್ಲಿಗೆ ಹಾರಿದರೆ ಹೋದ ಕೆಜಿಗಳು ಹಾಗೇ ವಾಪಸ್ ಬರುತ್ತವೆ. 1.2ರಿಂದ ಶುರು ಮಾಡಿದೆ, 624. ಆಗಲೂ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇತ್ತು. ಶೇ. 10ರ ಒಳಗೆ ಏರಿಸಿ, ತೂಕ ನೋಡಿ, 680ರ ಹತ್ತಿರ ಬಂದಾಗ ನಿಂತಿತು. ಗುಣಾಕಾರ ಸುಮಾರು 1.3. ಪಟ್ಟಿಗೂ ಇವನಿಗೂ ದಿನಕ್ಕೆ 150 ಕಿಲೋಕ್ಯಾಲರಿ ವ್ಯತ್ಯಾಸ. ಟ್ರೀಟ್ ಪಾಲು 68 ಕಳೆದು, 612 ಭಾಗಿಸು 3.1, 197 ಗ್ರಾಂ. ಅದೇ ಆಹಾರದಲ್ಲೇ ಮುಂದುವರಿಸಿದ್ದೇನೆ, ಅವನಿಗೆ ಒಗ್ಗಿದೆ, ಬಟ್ಟಲೂ ತುಂಬಿ ಕಾಣುತ್ತದೆ.

75ರ ಲೋಟ ಈಗ ಕೆಲಸಕ್ಕೆ ಬರೋದಿಲ್ಲ, 98 ಗ್ರಾಂಗೆ ಹೊಸ ಲೋಟ ಕತ್ತರಿಸಿದ್ದೇನೆ. ತೂಕ ಈಗ ತಿಂಗಳಿಗೊಮ್ಮೆ. 300 ಗ್ರಾಂ ಏರಿದರೆ ದಿನಕ್ಕೆ 10 ಗ್ರಾಂ ಕಡಿತ, ಅಷ್ಟು ಇಳಿದರೆ 10 ಗ್ರಾಂ ಸೇರ್ಪಡೆ, ಅಂತ ಡಬ್ಬದ ಮುಚ್ಚಳದ ಚೀಟಿಯಲ್ಲಿ ಸೇರಿಸಿ ಬರೆದಿದ್ದೇನೆ. ಬಾಕಿ ಉಳಿದಿರೋದು ಹಲಗೆಯ ಮ್ಯಾಟ್. ಒಂದು ಮೂಲೆ ಕಿತ್ತು ಬರುತ್ತಿದೆ, ಈ ಸಲ ಅಂಟಿನ ಜೊತೆ ಅಂಚಿಗೆ ಸ್ಟೇಪಲ್ ಹೊಡೆದು, ಮೊನೆ ಮೇಲೆ ಬರದ ಹಾಗೆ ಹಲಗೆಯ ಕೆಳಗಡೆಗೆ ಮಡಚಬೇಕು.